ಮುದಿ ಆಮೆಗೊಂದು ಬೈಗುಳ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ. ಆ ಗಾದೆಯಲ್ಲಿ ಇರುವೆಯನ್ನು ತೆಗೆದು ಅಪ್‌ಡೇಟು ಎಂದು ಹಾಕಿದರೆ ನಮ್ಮ ಎಡಿಟರನ ಕತೆ ಅರ್ಧ ಹೇಳಿದ ಹಾಗೆಯೇ.

ಎಡಿಟರ್ ಎಂದರೆ ಪತ್ರಿಕೆಯ ಸಂಪಾದಕನಲ್ಲ, ಮದುವೆ ಹುಟ್ಟುಹಬ್ಬಗಳ ವಿಡಿಯೋ ಕತ್ತರಿಸಿ ಜೋಡಿಸುವವನು. ಟೈಲರಮ್ಮನ ಅಂಗಡಿಯ ಪಕ್ಕದಲ್ಲಿ ಒಂದು ಸಣ್ಣ ಕೋಣೆ, ಒಂದು ಕಂಪ್ಯೂಟರು, ಗೊಣಗುವ ಒಂದು ಫ್ಯಾನು, ಇಷ್ಟೇ ಅವನ ಸಾಮ್ರಾಜ್ಯ. ಅವತ್ತು ಅವನಿಗಿದ್ದ ಕೆಲಸವೂ ಇಷ್ಟೇ. ಮಾವನ ಬಗ್ಗೆ ತಾನೇ ಮಾಡಿದ ಸಿನಿಮಾವನ್ನು ಕಂಪ್ಯೂಟರಿನಿಂದ ಹೊರತೆಗೆದು, ಸಂಜೆ ನೀರು ಸರಬರಾಜು ಕಚೇರಿಗೆ ಒಯ್ಯಬೇಕು. ಅಂದು ಮಾವ ನಿವೃತ್ತರಾಗುವ ದಿನ.

ಮಾವ ಮಿತಭಾಷಿ. ಕಚೇರಿಯಿಂದ ಬಂದವರು ಕೋಣೆ ಸೇರಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ ಊಟಕ್ಕೆ ಕರೆದಾಗಲೇ ಏಳುವುದು. ಅವರು ಇಸ್ಪೀಟು ಆಡುತ್ತಾರೆಂದು ಅತ್ತೆಯ ದೃಢ ನಂಬಿಕೆ. ಬೀಳ್ಕೊಡುಗೆಯ ಮಾತು ಬಂದಾಗ ಅವರು ಕೇಳಿದ್ದು ಒಂದೇ: "ಹೂಗುಚ್ಛ ಬೇಡ, ಭಾಷಣ ಬೇಡ. ಅಳಿಯಂದ್ರು ಮಾಡಿರೋ ಪಿಚ್ಚರನ್ನ ಎಲ್ಲರ ಜೊತೆ ಕೂತು ನೋಡ್ತೀನಿ, ಸಾಕು."

ಆ ಸಿನಿಮಾದಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಪಂಪ್‌ಹೌಸಿನ ಫೋರ್‌ಮನ್ ಮತ್ತು ಮಾವ ಒಂದು ಕಾಲದಲ್ಲಿ ಒಂದೇ ಡಬ್ಬಿಯಲ್ಲಿ ಉಂಡವರು. ಯಾವುದೋ ವಾಲ್ವ್ ತೆರೆದಿಟ್ಟವರು ಯಾರು ಎಂಬ ಜಗಳದಲ್ಲಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಎಡಿಟರ್ ಕಾಡಿ ಬೇಡಿ ಆ ಫೋರ್‌ಮನ್‌ನನ್ನು ಕ್ಯಾಮೆರಾ ಮುಂದೆ ಕೂರಿಸಿದ್ದ. ಆತ ಗಂಟಲು ಸರಿಮಾಡಿಕೊಂಡು ಹೇಳಿದ್ದ: "ಅವತ್ತು ತಪ್ಪು ನಂದೇ ಕಣಯ್ಯ. ಬಾ, ಪಕ್ಕದಲ್ಲಿ ಕೂತ್ಕೋ."

"ಅದನ್ನ ಕೇಳ್ದಾಗ ಅಪ್ಪನ ಮುಖ ಹೇಗಿರುತ್ತೆ ನೋಡ್ಬೇಕು ರೀ," ಎಂದು ಹೆಂಡತಿ ಆರು ತಿಂಗಳಿಂದ ಕಾದಿದ್ದಳು. "ಇದೊಂದು ಸಲ ಲೇಟ್ ಮಾಡ್ಬೇಡಿ, ನಿಮ್ಮ ದಮ್ಮಯ್ಯ."

ಬೆಳಗ್ಗೆ ಬಂದವನೇ ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಹಳೆಯ ಕ್ರಮದಲ್ಲಿ ಐದಾರು ಗಂಟೆ ಹಿಡಿದರೂ ಮಧ್ಯಾಹ್ನದ ಕಾಫಿಯ ಹೊತ್ತಿಗೆ ಸಿನಿಮಾ ಕೈಯಲ್ಲಿರುತ್ತಿತ್ತು. ಆದರೆ ಎಡಿಟರನ ಕಂಪ್ಯೂಟರಿನಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು. ವಿಡಿಯೋ ಹೊರತೆಗೆಯುವ ಕೆಲಸವನ್ನು ಅದಕ್ಕೆ ವಹಿಸಿದರೆ ಗಂಟೆಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆಂದು ಅಂಗಡಿಯವನು ಹೇಳಿ ಮಾರಿದ್ದ. ಎಡಿಟರನ ತಂತ್ರಾಂಶಕ್ಕೆ ಮಾತ್ರ ಆ ಕಾರ್ಡಿನ ಗುರುತು ಪರಿಚಯವಿರಲಿಲ್ಲ. ಹಾಗಾಗಿ ಕಾರ್ಡು ಮನೆಯಳಿಯನ ಹಾಗೆ ಕರೆಂಟು ತಿಂದುಕೊಂಡು ಸುಮ್ಮನೆ ಕೂತಿತ್ತು.

ಆ ತಂತ್ರಾಂಶ ಬಿಟ್ಟಿಯದು. ಯಾರ್ಯಾರೋ ತಮ್ಮ ಬಿಡುವಿನಲ್ಲಿ ಬರೆದು ಲೋಕಕ್ಕೆಲ್ಲ ಹಂಚುತ್ತಾರೆ. ಕಳ್ಳ ಪ್ರತಿ ಬಿಟ್ಟು ಇದನ್ನು ಬಳಸಿ ಎಂದು ಅವನಿಗೆ ತೋರಿಸಿಕೊಟ್ಟವರು ಮಾವನೇ. "ಈ ಕಾರ್ಡ್ ಇರುವವರು ಪರೀಕ್ಷಿಸಿ ನೋಡಲು ಬೇಕಾಗಿದ್ದಾರೆ" ಎಂದು ಅದರೊಳಗೆ ಒಂದು ಸೂಚನೆ ತಿಂಗಳುಗಟ್ಟಲೆ ಬರುತ್ತಿತ್ತು. ಎಡಿಟರ್ ಪ್ರತಿದಿನ ನೊಣ ಓಡಿಸುವಂತೆ ಅದನ್ನು ಮುಚ್ಚುತ್ತಿದ್ದ. ಇವತ್ತು ಬೇರೆ ಸೂಚನೆ ಬಂತು: "ಹೊಸ ಆವೃತ್ತಿ ಸಿದ್ಧ. ಇನ್ನು ನಿಮ್ಮ ಕಾರ್ಡಿಗೂ ಬೆಂಬಲ."

ಎಡಿಟರ್ ಕುಣಿದಾಡಿಬಿಟ್ಟ. ಟೈಲರಮ್ಮ ಇಣುಕಿ, "ಏನಪ್ಪಾ, ಲಾಟರಿ ಹೊಡೀತಾ?" ಎಂದಳು.

"ಅಪ್‌ಡೇಟ್ ಬಂದಿದೆ ಅಕ್ಕಾ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮಾವನ ಸಿನಿಮಾ ರೆಡಿ."

"ಕೊಡೋ ದಿನ ಹೊಸ ಸೂಜಿ ಹಾಕ್ಬಾರ್ದಪ್ಪ. ಹಳೇದ್ರಲ್ಲೇ ಹೊಲಿದು ಕೊಟ್ಬಿಡು."

ಹಿರಿಯರ ಮಾತು ಯಾವತ್ತು ಸಮಯಕ್ಕೆ ಸರಿಯಾಗಿ ಕೇಳಿಸಿದೆ? ಎಡಿಟರ್ ಒತ್ತಿದ. ಹೊಸ ಆವೃತ್ತಿ ಬಂತು. ಕಾರ್ಡು ಮೊದಲ ಬಾರಿಗೆ ಗುರ್ ಎಂದಿತು. ಕಾಲು ಗಂಟೆಯಲ್ಲಿ ಸಿನಿಮಾ ಹೊರಬಂತು. ತೆರೆದು ನೋಡಿದರೆ ಇಡೀ ನೀರು ಸರಬರಾಜು ಕಚೇರಿ ಹಸಿರು. ಮಾವನ ಮುಖ ಎಳೆ ಸೌತೆಕಾಯಿಯಂತಿತ್ತು.

ಅಷ್ಟರಲ್ಲಿ ಎದುರಿನ ಮೊಬೈಲ್ ರಿಪೇರಿಯವನು ಬಂದ. ಯಾವ ಸಾಮಾನು ತಂದರೂ ಮೊದಲು ಕೈಯಿಟ್ಟು "ಜ್ವರ ಇದೆ" ಎನ್ನುತ್ತಿದ್ದುದರಿಂದ ಬೀದಿಗೆಲ್ಲ ಅವನು ಡಾಕ್ಟರ್. ಬಂದವನೇ ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈಯಿಟ್ಟ.

"ಜ್ವರ ಇದೆ. ಕಾರ್ಡನ್ನ ನಡೆಸೋ ಡ್ರೈವರ್ ಸಾಫ್ಟ್‌ವೇರ್ ಹಳೇದಾಗಿದೆ, ಬದಲಾಯಿಸ್ಬೇಕು."

"ಮಾಡಪ್ಪ, ಬೇಗ ಮಾಡು!"

ಡಾಕ್ಟರ್ ಡ್ರೈವರ್ ಬದಲಾಯಿಸಿದ. ಹಸಿರು ಹೋಯಿತು. ಬದಲಿಗೆ ತೊಂಬತ್ತೊಂಬತ್ತು ಪ್ರತಿಶತಕ್ಕೆ ಬಂದು ಕೆಲಸ ನಿಂತಿತು. ಮತ್ತೆ ಇಟ್ಟರು, ಮತ್ತೆ ತೊಂಬತ್ತೊಂಬತ್ತು. ಡಾಕ್ಟರ್ ಕಾರ್ಡನ್ನು ಕಿತ್ತು, ಊದಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಪುನಃ ಸಿಕ್ಕಿಸಿದ. ಈಗ ತೊಂಬತ್ತೆಂಟಕ್ಕೇ ನಿಂತಿತು. "ನೋಡಿ, ಜ್ವರ ಇಳೀತಾ ಇದೆ," ಎಂದ ಡಾಕ್ಟರ್.

ಹಳೆಯ ಆವೃತ್ತಿಗೆ ಹಿಂತಿರುಗೋಣವೆಂದರೆ, ಹೊಸದರಲ್ಲಿ ಒಮ್ಮೆ ತೆರೆದ ಕೆಲಸವನ್ನು ಹಳೆಯದು ಮುಟ್ಟುವುದಿಲ್ಲವೆಂದು ಹಟ ಹಿಡಿಯಿತು. ಕಾರ್ಡು ಬಿಟ್ಟು ನಿಧಾನದ ದಾರಿ ಹಿಡಿಯೋಣವೆಂದರೆ ಊಟದ ಹೊತ್ತು ಮೀರಿತ್ತು. ಅದು ಮುಗಿಯುವಷ್ಟರಲ್ಲಿ ಕಚೇರಿಗೆ ಬೀಗ ಬಿದ್ದಿರುತ್ತದೆ. ಎಡಿಟರನಿಗೆ ಅಳು ಬಂತು. ಅಳು ಬಂದಾಗ ಎಲ್ಲ ಗಂಡಸರೂ ಮಾಡುವುದನ್ನೇ ಮಾಡಿದ, ಬೈಯಲು ಒಬ್ಬನನ್ನು ಹುಡುಕಿದ.

ತಂತ್ರಾಂಶ ಬರೆಯುವವರಿಗೂ ಬಳಸುವವರಿಗೂ ಜಾಲತಾಣದಲ್ಲಿ ಒಂದು ಚರ್ಚಾಕಟ್ಟೆಯಿತ್ತು. ಅಲ್ಲಿ ಎಲ್ಲರೂ ಅಡ್ಡಹೆಸರಿನವರೇ. ಎಡಿಟರ್ ಅಲ್ಲಿ 'ಮಿಂಚು'. ಹೊಸ ಆವೃತ್ತಿಯ ಕಾರ್ಡಿನ ಭಾಗ ಬರೆದವನ ಹೆಸರು 'ಮುದಿ ಆಮೆ'. ಮಿಂಚು ಮುದಿ ಆಮೆಗೆ ಬರೆದ:

"ಇದನ್ನು ಬರೆದ ಕತ್ತೆ ನೀನೇನಾ? ಬಾರದ ಕೆಲಸಕ್ಕೆ ಯಾಕೆ ಕೈಹಾಕ್ತೀಯ? ನಿಂಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ಕೂಡಲೇ ಉತ್ತರ ಬಂತು. "ತಪ್ಪು ನನ್ನದೇ. ಆ ಕಾರ್ಡ್ ನನ್ನ ಬಳಿ ಇಲ್ಲ, ಅಂದಾಜಿನ ಮೇಲೆ ಬರೆದೆ. ಪರೀಕ್ಷಿಸುವವರು ಬೇಕೆಂದು ತಿಂಗಳುಗಟ್ಟಲೆ ಕೇಳಿದೆ, ಯಾರೂ ಬರಲಿಲ್ಲ. ಇವತ್ತು ನನಗೂ ಒಂದು ಕಾರ್ಯಕ್ರಮವಿದೆ. ಇರಲಿ, ದೋಷದ ವಿವರ ಕಳಿಸಿ, ನೋಡುತ್ತೇನೆ."

"ನಿನ್ನ ಕಾರ್ಯಕ್ರಮ ಕಟ್ಕೊಂಡು ನಂಗೇನು? ನನ್ನದು ಸಂಜೆಯೊಳಗೆ ಆಗ್ಬೇಕು," ಎಂದು ಬರೆದು ಎಡಿಟರ್ ವಿವರ ಕಳಿಸಿದ.

"ಸರಿಯಾಗಿ ಕೊಟ್ರಿ!" ಎಂದು ಡಾಕ್ಟರ್ ಬೆನ್ನು ತಟ್ಟಿದ. ಟೈಲರಮ್ಮ ಮಾತ್ರ, "ಯಾರೋ ಏನೋ, ವಯಸ್ಸಾದೋರ ಹಾಗೆ ಕಾಣುತ್ತೆ. ಅಷ್ಟೊಂದು ಅನ್ಬಾರ್ದಿತ್ತು," ಎಂದಳು.

ಮುದಿ ಆಮೆ ಇದನ್ನು ಮಾಡಿ ನೋಡಿ, ಅದನ್ನು ಮಾಡಿ ನೋಡಿ ಎಂದು ಒಂದೊಂದೇ ತಿದ್ದುಪಡಿ ಕಳಿಸಿತು. ನಡುವೆ ಹೆಂಡತಿಯ ಫೋನು: "ನಾನೂ ಅಮ್ಮನೂ ಹೊರಟ್ವಿ. ಆಯ್ತಾ?" ಮತ್ತೊಂದು ಫೋನು: "ಎಲ್ಲಾರೂ ಬಂದಿದಾರೆ. ಆ ಫೋರ್‌ಮನ್ ಹೊಸ ಶರ್ಟ್ ಹಾಕ್ಕೊಂಡು, ಪಕ್ಕದ ಕುರ್ಚಿಗೆ ಕರವಸ್ತ್ರ ಹಾಕಿ ಅಪ್ಪಂಗೆ ಜಾಗ ಹಿಡಿದಿದಾರೆ ರೀ. ಎಲ್ಲಿದೀರಾ?"

ಕೊನೆಗೂ ಒಂದು ತಿದ್ದುಪಡಿ ಹಿಡಿಯಿತು. ನೂರಕ್ಕೆ ನೂರು! ಮಾವನ ಮುಖ ಮಾವನ ಬಣ್ಣದಲ್ಲೇ ಇತ್ತು. ತಿದ್ದುಪಡಿಯ ಕೆಳಗೆ ಒಂದು ಸಾಲು: "ಸರಿಯಾಯಿತೋ ಇಲ್ಲವೋ ಒಂದು ಮಾತು ತಿಳಿಸಿ. ಅಲ್ಲಿಯವರೆಗೆ ಏಳುವುದಿಲ್ಲ, ಕಾದಿರುತ್ತೇನೆ."

ಎಡಿಟರ್ ಓದಿದ. ಓದಿದ್ದು ನಿಜ. ಆದರೆ ಒಂದು ಕೈ ಪೆನ್‌ಡ್ರೈವ್ ಕೀಳುತ್ತಿತ್ತು, ಇನ್ನೊಂದು ಕೈ ಕಂಪ್ಯೂಟರ್ ಆರಿಸುತ್ತಿತ್ತು. ಕೆಲಸ ಆದ ಮೇಲೆ ದೇವರನ್ನೇ ನೆನೆಯದ ಜನ ಆಮೆಯನ್ನು ನೆನೆಯುತ್ತಾರೆಯೇ?

ಕಚೇರಿಯ ಸಭಾಂಗಣ ತುಂಬಿತ್ತು. "ಹಾಕಿ ಹಾಕಿ, ಎಲ್ಲಾರಿಗೂ ಬಸ್ಸು ತಪ್ಪುತ್ತೆ," ಎಂದರು ಸಾಹೇಬರು.

"ಮಾವ?"

"ಇಲ್ಲೇ ಎಲ್ಲೋ ಇದಾರೆ, ಬರ್ತಾರೆ. ಹಾಕಿ."

ದೀಪ ಆರಿತು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಫೋರ್‌ಮನ್ "ಬಾ, ಪಕ್ಕದಲ್ಲಿ ಕೂತ್ಕೋ" ಎಂದಾಗ ಇಡೀ ಸಭೆ ತಿರುಗಿ ಕರವಸ್ತ್ರ ಹಾಸಿದ ಕುರ್ಚಿಯನ್ನು ನೋಡಿತು. ಅದು ಖಾಲಿಯಿತ್ತು. ದೀಪ ಹತ್ತಿದಾಗಲೂ ಖಾಲಿಯೇ. ಫೋರ್‌ಮನ್ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಪಕ್ಕ ಕೂರೋಕೆ ಇಷ್ಟ ಇಲ್ಲ ಅಂತ ಬಾಯಲ್ಲೇ ಹೇಳಬಹುದಿತ್ತು," ಎಂದು ಯಾರ ಮುಖವನ್ನೂ ನೋಡದೆ ಹೊರಟುಹೋದ. ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಎಡಿಟರ್ ಮಾವನನ್ನು ಹುಡುಕಿಕೊಂಡು ಓಡಿದ. ಹಿಂದಿನ ದಾಖಲೆ ಕೋಣೆಯಲ್ಲಿ ಬೆಳಕಿತ್ತು. ಕಡತಗಳ ನಡುವೆ ಸ್ಟೂಲಿನ ಮೇಲೆ, ಹೊಸ ಕೋಟು ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾವ ಕೂತಿದ್ದರು.

"ಬಂದ್ರಾ ಅಳಿಯಂದ್ರೇ? ಪಿಚ್ಚರ್ ಶುರು ಮಾಡ್ತೀರಾ?"

"ಮುಗೀತು ಮಾವ."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಮುಗೀತಾ? ಅಯ್ಯೋ. ಎರಡು ನಿಮಿಷ ಅಂತ ಕೂತೆ. ನಿಮಗೆ ಕೊಟ್ಟಿದ್ನಲ್ಲ ಆ ಸಾಫ್ಟ್‌ವೇರ್, ಅದ್ರಲ್ಲಿ ಒಂದು ತುಂಡು ನಾನು ಬರೀತೀನಿ. ನಿಮ್ಮ ಅತ್ತೆಗೆ ಹೇಳ್ಬೇಡಿ, ಇಸ್ಪೀಟು ಅಂದ್ಕೊಂಡ್ರೆ ಬೈಗುಳ ಕಮ್ಮಿ. ಯಾರೋ ಒಬ್ಬರದು ನನ್ನ ತಪ್ಪಿನಿಂದ ಕೆಟ್ಟು ಕೂತಿತ್ತು. ಪಾಪ, ಅವರಿಗೂ ಇವತ್ತೇ ಏನೋ ಇತ್ತು, ನಮ್ಮ ಹಾಗೇ. ಸರಿಹೋಯ್ತೋ ಇಲ್ವೋ ತಿಳೀದೆ ಎದ್ದು ಬರೋಕೆ ಮನಸ್ಸಾಗ್ಲಿಲ್ಲ."

ಪರದೆಯ ಮೇಲೆ ಮಿಂಚಿನ ಬೈಗುಳವೂ ಕೆಳಗೆ ಮುದಿ ಆಮೆಯ ಕೊನೆಯ ಸಾಲೂ ಇದ್ದವು. ಎಡಿಟರ್ ಎರಡನ್ನೂ ಇನ್ನೊಮ್ಮೆ ಓದಿದ.

"ಕತ್ತೆ ಅಂದಿದ್ದಕ್ಕೆ ಬೇಜಾರಿಲ್ಲ," ಎಂದರು ಮಾವ. "ಮನೇಲಿ ಹೇಳೋರು ಕೇಳೋರು ಇಲ್ವಾ ಅಂದ. ಅದೊಂದು ಸ್ವಲ್ಪ... ಇರಲಿ. ನಾಳೆಯಿಂದ ಆಫೀಸಿಲ್ಲ, ನಿಮ್ಮ ಅಂಗಡಿಗೆ ಬಂದು ಕೂರ್ತೀನಿ. ಕೆಲಸ ಮಾಡೋರನ್ನ ಪಕ್ಕದಲ್ಲಿ ನೋಡ್ದೆ ಬರೆದ್ರೆ ಹೀಗೇ ಆಗೋದು. ಅಂದ ಹಾಗೆ, ನಿಮ್ಮ ಹತ್ರ ಯಾವ ಕಾರ್ಡ್ ಇದೆ?"

"ಕಾರ್ಡಾ? ನಮ್ಮದು ಹಳೇದು ಮಾವ. ಕಾರ್ಡೇ ಇಲ್ಲ."

ಮರುದಿನ ಬೆಳಗ್ಗೆ ಟೈಲರಮ್ಮ ಬಾಗಿಲು ತೆರೆಯುವ ಮೊದಲೇ ಎಡಿಟರ್ ಅಂಗಡಿಗೆ ಬಂದು, ಡಬ್ಬ ಬಿಚ್ಚಿ, ಕಾರ್ಡನ್ನು ಕಿತ್ತು ಹಳೇ ಬನಿಯನ್ನಿನಲ್ಲಿ ಸುತ್ತಿ ಅಟ್ಟಕ್ಕೆ ಎಸೆದ. ಬಂದಿದ್ದ ಮದುವೆ ವಿಡಿಯೋವನ್ನು ಐದಾರು ಗಂಟೆಯ ಹಳೆಯ ದಾರಿಯಲ್ಲೇ ಹಚ್ಚಿದ. ಮಾವ ಬಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ತಮ್ಮ ಸಿನಿಮಾವನ್ನು ಫೋನಿಗೆ ಹಾಕಿಸಿಕೊಂಡು ನೋಡಿದರು. ಫೋರ್‌ಮನ್ ಬಂದ ಕಡೆ ನಿಲ್ಲಿಸಿದರು, ಮತ್ತೆ ಹಿಂದಕ್ಕೆ ಹಾಕಿ ನೋಡಿದರು.

"ಇವನು ಹೀಗಂದ್ನಾ? ಎಲ್ಲರ ಮುಂದೆ?"

ಆಮೇಲೆ ಫೋರ್‌ಮನ್‌ಗೆ ಫೋನು ಹಚ್ಚಿದರು. ಅದು ಹೊಡೆದುಕೊಂಡೇ ಇತ್ತು. ಇನ್ನೊಮ್ಮೆ ಹಚ್ಚಿದರು. ಆ ಕಡೆಯಿಂದ ಕತ್ತರಿಸಿದ್ದು ಎಡಿಟರನಿಗೂ ಕೇಳಿಸಿತು.

ಒಂದು ಮಾತು ಸಾಕಿತ್ತು. ಫೋರ್‌ಮನ್ ಮನೆಗೆ ಹೋಗಿ, ನಿನ್ನೆ ಮಾವನನ್ನು ಹಿಡಿದು ಕೂರಿಸಿದವನು ನಾನೇ ಎಂದರೆ ಎಲ್ಲ ಸರಿಹೋಗುತ್ತಿತ್ತು. ಅದಕ್ಕೆ ಮೊದಲು ಇಲ್ಲಿ ಹೇಳಬೇಕಿತ್ತು. ಎಡಿಟರ್ ಧೈರ್ಯ ತಂದುಕೊಂಡು ತಿರುಗಿದ.

"ಮಾವ..."

"ಏನು ಅಳಿಯಂದ್ರೇ?"

ಮಾವನ ಕಣ್ಣು ಒದ್ದೆಯಾಗಿತ್ತು.

"ಕಾಫಿ ತರಿಸ್ಲಾ?" ಎಂದ ಎಡಿಟರ್.