ಕಾರಿನ ಹೊಟ್ಟೆಗೆ ಮೆತ್ತಿದ ಜೇಡಿಮಣ್ಣು

ಮಾವನವರು ಕಾರು ಬಿಟ್ಟುಹೋಗುವಾಗ ಹೇಳಿದ್ದು ಇಷ್ಟೇ: "ನನಗೆ ವಯಸ್ಸಾಯ್ತು, ಇನ್ನು ಸ್ಟಿಯರಿಂಗ್ ಹಿಡಿಯಲ್ಲ. ಒಂದು ತಿಂಗಳು ನಿಮ್ಮ ಹತ್ರ ಇರ್ಲಿ. ಇಬ್ಬರು ಅಳಿಯಂದಿರಲ್ಲಿ ಯಾರಿಗೆ ಕೊಡೋದು ಅಂತ ಆಮೇಲೆ ನೋಡೋಣ. ಜೋಪಾನ!"

ದೊಡ್ಡಳಿಯ ನೀರು ಸರಬರಾಜು ಕಚೇರಿಯ ಗುಮಾಸ್ತ. ಸ್ವಂತ ಕಾರಿನ ಆಸೆ ಅವನಿಗೆ ಮದುವೆಗಿಂತ ಹಳೆಯದು. ಜೋಪಾನ ಎಂದರೆ ಮುಟ್ಟಬಾರದು ಎಂದೇ ತಿಳಿದು ದಿನಾ ಒರೆಸಿದ್ದೇ ಒರೆಸಿದ್ದು. ತಿಂಗಳು ಮುಗಿಯುತ್ತ ಬಂದಾಗ ಮಾತ್ರ ಕೈ ತುರಿಸಿತು. ಹೆಡ್ ಗುಮಾಸ್ತರನ್ನು ಮನೆಗೆ ಬಿಡುವ ನೆಪದಲ್ಲಿ ಕಾರು ತೆಗೆದ. ಅವರ ಮನೆ ಇಟ್ಟಿಗೆ ಗೂಡಿನ ಆಚೆ. ಗೂಡಿನ ಪಕ್ಕದ ದಾರಿಯಲ್ಲಿ ಕಾರು ಹೊಟ್ಟೆಯವರೆಗೂ ಜೇಡಿಮಣ್ಣಿನಲ್ಲಿ ಕೂತುಬಿಟ್ಟಿತು. ಹೆಡ್ ಗುಮಾಸ್ತರು ಬೂಟು ಕೈಯಲ್ಲಿ ಹಿಡಿದು ತಳ್ಳಿದರು.

ಬೆಳಿಗ್ಗೆ ಅವನು ಕಾರಿನ ಮೈಯನ್ನೆಲ್ಲ ತೊಳೆದು, ಸಮಾಧಾನವಾಗಿ ಕಾಫಿ ಕುಡಿಯುತ್ತಿದ್ದಾಗ ಹೆಂಡತಿ ಬಂದಳು.

"ಅಪ್ಪ ಸಂಜೆ ಬರ್ತಾರಂತೆ. ಕೆಳಗೆ ತೊಳೆದ್ರಾ? ಯಾವ ಗಾಡಿ ಕಂಡ್ರೂ ಅವರು ಮೊದಲು ಬಗ್ಗಿ ಕೆಳಗೇ ನೋಡೋದು."

ಗುಮಾಸ್ತ ಬಗ್ಗಿ ನೋಡಿದ. ಮಣ್ಣು ರಾತ್ರಿಯೆಲ್ಲ ಒಣಗಿ, ಸೈಲೆನ್ಸರು ಯಾವುದು, ಮಣ್ಣು ಯಾವುದು ಎಂದು ತಿಳಿಯದಂತಾಗಿತ್ತು. ಇಟ್ಟಿಗೆಯಾಗಲು ಇನ್ನು ಸುಡುವುದೊಂದು ಬಾಕಿ.

ಕಚೇರಿಗೆ ರಜೆ ಹಾಕಿ, ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಅಂಗಾತ ಮಲಗಿ ಕೆಳಗೆ ತೂರಿದ. ಪೈಪು ಹಿಡಿದು ರಭಸವಾಗಿ ನೀರು ಬಿಟ್ಟ. ಮಣ್ಣು ಜಗ್ಗಲಿಲ್ಲ, ನೀರೆಲ್ಲ ಅವನ ಮೂಗಿಗೇ ಬಂತು. ಅಷ್ಟರಲ್ಲಿ ನಲ್ಲಿ ಗೊರಗೊರ ಎಂದು ನಿಂತುಹೋಯಿತು.

"ನೀರಿನ ಆಫೀಸಿನವರ ಮನೇಲೇ ನೀರಿಲ್ವಾ?" ಎದುರುಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಕೇಳಿಯೇಬಿಟ್ಟರು. ಕೇಳಿದ ತಪ್ಪಿಗೆ ತಮ್ಮ ತೊಟ್ಟಿಯಿಂದ ಎರಡು ಬಕೆಟ್ ತಂದರು. ನೀರು ಕೊಟ್ಟ ಮೇಲೆ ಸಲಹೆ ಕೊಡುವ ಹಕ್ಕೂ ಬಂತು. "ಜೇಡಿಮಣ್ಣಿನ ಹತ್ರ ಜಗಳ ಆಡ್ಬಾರದು ಕಣ್ರೀ. ನೆನೆಸ್ಬೇಕು. ಒದ್ದೆ ಗೋಣಿಚೀಲ ಕಟ್ಟಿ, ಅದಾಗೇ ಮೆತ್ತಗಾಗುತ್ತೆ."

ಕಟ್ಟಿದರು. ಹೊಟ್ಟೆಗೆ ಪಟ್ಟಿ ಹಾಕಿಸಿಕೊಂಡ ರೋಗಿಯಂತೆ ಕಾರು ನಿಂತಿತು. ಅದನ್ನು ನೋಡಿಯೋ ಏನೋ, ಮಹಡಿಮನೆಯ ನರ್ಸಮ್ಮ ದೊಡ್ಡ ಸಿರಿಂಜು ಹಿಡಿದು ಇಳಿದುಬಂದರು.

"ಸಂದಿಗೆ ಬ್ರಷ್ ಹೋಗಲ್ಲ. ಬಿಸಿನೀರು ತುಂಬಿ ಚುಚ್ಚಿ. ಅಲುಗಾಡ್ಬೇಡಿ."

"ಕಾರಾ, ನಾನಾ?"

"ಇಬ್ಬರೂ!"

ಮಧ್ಯಾಹ್ನದ ಹೊತ್ತಿಗೆ ಮಣ್ಣು ಬಿಟ್ಟಿತು. ಬಿಟ್ಟಿದ್ದು ಒಂದೇ ಸಲಕ್ಕೆ, ಅದೂ ಗುಮಾಸ್ತನ ಮುಖದ ಮೇಲೆ. ಉಳಿದದ್ದನ್ನು ಅಡುಗೆಮನೆಯ ಮರದ ಸೌಟಿನಿಂದ ಕೆರೆದ. ಬೋಲ್ಟುಗಳ ಸುತ್ತ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ಕೆಂಪು ನೀರು ಬೀದಿಗೆ ಹರಿದು, ಮೇಷ್ಟ್ರು ತಮ್ಮ ಗೇಟಿನ ಮುಂದೆಯೇ ಜಾರಿ ಕೂತರು. ಆಮೇಲೆ ಬೀದಿಯನ್ನೂ ತೊಳೆಯಬೇಕಾಯಿತು. ಪಾಪ, ಮೇಷ್ಟ್ರು ಸೊಂಟ ಹಿಡಿದುಕೊಂಡೇ ಪೊರಕೆ ಆಡಿಸಿದರು.

ಸಂಜೆಯ ಹೊತ್ತಿಗೆ ಕಾರಿನ ಹೊಟ್ಟೆ ಪಳಪಳ ಹೊಳೆಯಿತು. ಗುಮಾಸ್ತ ಸ್ನಾನ ಮಾಡಿ ಬಂದು ಇಬ್ಬರಿಗೂ ಕೈಮುಗಿದ. "ಒಂದು ಉಪಕಾರ ಮಾಡಿ. ಯಾರೇ ಕೇಳಲಿ, ಈ ಕಾರು ಗೇಟು ದಾಟಿಲ್ಲ."

"ನಮ್ಮ ಬಾಯಿಂದ ಬರಲ್ಲ ಬಿಡಿ," ಎಂದರು ಮೇಷ್ಟ್ರು. ನರ್ಸಮ್ಮ ತಲೆಯಾಡಿಸಿದರು.

ಮಾವ ಬಂದಾಗ ಮೇಷ್ಟ್ರೂ ನರ್ಸಮ್ಮನೂ ಇನ್ನೂ ಗೇಟಿನ ಬಳಿಯೇ ಇದ್ದರು. ಚೀಲ ಕೆಳಗಿಟ್ಟವರೇ ಟಾರ್ಚು ತೆಗೆದು, ನೆಲಕ್ಕೆ ಮೊಣಕಾಲೂರಿ ಕಾರಿನ ಕೆಳಗೆ ನೋಡಿದರು. ಮುಂದೆ ನೋಡಿದರು, ಹಿಂದೆ ನೋಡಿದರು. ಗುಮಾಸ್ತನೂ ಅವರ ಹಿಂದೆಯೇ ಬಗ್ಗಿ ಬಗ್ಗಿ ನೋಡಿದ.

"ಒಂದು ಚೂರೂ ಮಣ್ಣಿಲ್ಲವಲ್ಲ!"

"ಗೇಟೇ ದಾಟಿಸಿಲ್ಲ ಮಾವ!" ಗುಮಾಸ್ತ ಹಿಗ್ಗಿ ಹೀರೇಕಾಯಿಯಾದ. "ಬೇಕಾದ್ರೆ ಇವರನ್ನೇ ಕೇಳಿ."

ಮಾವನ ಮುಖ ಸಪ್ಪಗಾಯಿತು. ಮಂಡಿಯ ಧೂಳು ಕೊಡವಿಕೊಂಡು ಎದ್ದರು.

"ಅಲ್ರೀ, ಸುಮ್ಮನೆ ನಿಲ್ಲಿಸಿದ್ರೆ ಕಾರು ಹಾಳಾಗಲ್ವೇ? ಒಂದು ತಿಂಗಳು ಬಿಟ್ಟಿದ್ದೇ ನೀವು ಓಡಿಸ್ತೀರೋ ಇಲ್ವೋ ನೋಡೋಕೆ. ಚಿಕ್ಕಳಿಯ ನನ್ನ ಸ್ಕೂಟರನ್ನ ಹೊಳೆಗೇ ಇಳಿಸಿದ್ದ. ಧೈರ್ಯಸ್ಥ. ಅವನಿಗೇ ಕೊಟ್ಟುಬಿಡ್ತೀನಿ."

ಗುಮಾಸ್ತನಿಗೆ ಭೂಮಿ ಬಾಯಿಬಿಟ್ಟಂತಾಯಿತು. "ಮಾವ, ಓಡಿಸಿದ್ದೀನಿ! ನಿನ್ನೆ ಇಟ್ಟಿಗೆ ಗೂಡಿನ ಹತ್ರ ಹೂತೇಹೋಗಿತ್ತು! ಮೀಟರ್ ನೋಡಿ ಬೇಕಾದ್ರೆ!"

"ಅದು ಕೆಟ್ಟು ಯಾವ ಕಾಲ ಆಯ್ತೋ."

"ಹೌದಪ್ಪ, ಓಡಿಸಿದ್ರು," ಎಂದಳು ಮಗಳು.

"ಗಂಡನ ಪರ ನೀನಲ್ಲದೆ ಇನ್ಯಾರಮ್ಮ ಮಾತಾಡ್ತಾರೆ?" ಮಾವ ಮೇಷ್ಟ್ರ ಕಡೆ ತಿರುಗಿದರು. "ದೊಡ್ಡೋರು, ನೀವೇ ಹೇಳಿ."

ಗುಮಾಸ್ತ ಕಣ್ಣಲ್ಲೇ ಅಂಗಲಾಚಿದ. ಆ ನೋಟ ಕಂಡು ಮೇಷ್ಟ್ರ ಕರುಳು ಕರಗಿತು. ಎದೆ ಸೆಟೆಸಿ ನಿಂತರು.

"ಇಂಚೂ ಅಲ್ಲಾಡಿಲ್ಲ ಸ್ವಾಮಿ. ಬೇಕಾದ್ರೆ ಆಣೆ ಮಾಡ್ತೀನಿ."

"ನಾನೂ ಮಾಡ್ತೀನಿ," ಎಂದರು ನರ್ಸಮ್ಮ.

ಮಾವ ಅಳಿಯನ ಬೆನ್ನು ತಟ್ಟಿ, "ಸುಳ್ಳು ನಿಮಗೆ ಒಗ್ಗಲ್ಲ, ಬಿಟ್ಬಿಡಿ," ಎನ್ನುತ್ತ ಕೈಕಾಲು ತೊಳೆಯಲು ಒಳಗೆ ನಡೆದರು. ಅವರು ಮರೆಯಾದದ್ದೇ ತಡ, ಮೇಷ್ಟ್ರು ಹತ್ತಿರ ಬಂದು ಗುಮಾಸ್ತನ ಕಿವಿಯಲ್ಲಿ ಪಿಸುಗುಟ್ಟಿದರು:

"ನೋಡಿದ್ರಾ? ನೀವೇ ಬಾಯಿಬಿಟ್ಟರೂ ನಾವು ಬಿಡಲಿಲ್ಲ!"