ಗಂಜಿ ಕುಡಿದ ಡಚ್ ಅಜ್ಜ

ಓಲ್ಡ್ ಟೌನಿನ ಯಾರ ಮನೆಯಲ್ಲೂ ಇಲ್ಲದ ವಸ್ತು ನನ್ನ ಮನೆಯಲ್ಲಿರಬೇಕು! ಹೀಗೆಂದು ಭದ್ರಾವತಿಯ ಫ್ಯಾಕ್ಟರಿ ಗುಮಾಸ್ತನಾದ ನಾನು ಐವತ್ತೊಂಬತ್ತನೇ ಇಸವಿಯ ಯುಗಾದಿಯ ದಿನ ಘೋಷಿಸಿದೆ. ಕ್ಯಾಲೆಂಡರಿನ ದೇವರು ಎಲ್ಲರ ಗೋಡೆಯ ಮೇಲೂ ಇದ್ದಾರೆ. ನನಗೆ ಬೇಕಾದದ್ದು ಮಹಾಕಲೆ! ತಾಮ್ರದ ತಗಡಿನ ಮೇಲೆ ಗೆರೆ ಗೀರಿ, ಆಸಿಡ್ಡಿನಲ್ಲಿ ಕೊರೆಸಿ, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಪುರಾತನ ಅಚ್ಚುಚಿತ್ರ! ಆ ಬಗ್ಗೆ ಲೈಬ್ರರಿಯಲ್ಲಿ ಅರ್ಧ ಪುಸ್ತಕ ಓದಿದ್ದೆ. ಉಳಿದರ್ಧ ಓದುವ ಅಗತ್ಯ ನನ್ನಂಥವನಿಗೆ ಕಾಣಲಿಲ್ಲ.

ಸ್ವದೇಶಕ್ಕೆ ಮರಳಿದ ನಮ್ಮ ಫ್ಯಾಕ್ಟರಿಯ ವಿದೇಶಿ ಇಂಜಿನಿಯರೊಬ್ಬರು ತಮ್ಮ ಅಡುಗೆಯ ಕರಿಯಪ್ಪನಿಗೆ ಅಂಥದ್ದೊಂದನ್ನು ಬಿಟ್ಟುಹೋಗಿದ್ದರು. ಡಚ್ಚರ ನಾಡಿನ ಗಡ್ಡದ ಮುದುಕ, ವಯಸ್ಸು ಮುನ್ನೂರು! ಕರಿಯಪ್ಪನಿಗೆ ಸೈಕಲ್ ಬೇಕಿತ್ತು. ಮದುವೆಯಲ್ಲಿ ಮಾವ ಕೊಟ್ಟಿದ್ದ ಸೈಕಲ್ ಅವನ ಮನೆಗೆ ಹೋಯಿತು, ಅಜ್ಜ ನಮ್ಮ ಮನೆಗೆ ಬಂದ.

“ಬಣ್ಣವೇ ಇಲ್ವಲ್ರೀ! ಪಾಪ, ಮುಗಿದುಹೋಗಿತ್ತಾ?” ಎಂದಳು ಹೆಂಡತಿ ದಾಕ್ಷಾಯಣಿ.

“ಇದು ಕಲೆ ಕಣೇ!”

“ಅದು ಅಪ್ಪ ಕೊಟ್ಟ ಸೈಕಲ್ಲು ಕಣ್ರೀ! ಈ ಮುದುಕ ನಕಲಿ ಅಂತಾದ್ರೆ ಅಪ್ಪನಿಗೆ ನೀವೇ ಕಾಗದ ಬರೀಬೇಕು.”

“ಬರೀತೀನಿ ಬಿಡು, ಹೆದರ್ಕೊಂಡಿದೀನಾ?”

ಫ್ರೇಮ್ ಹಾಕಿಸಲು ಅಜ್ಜನನ್ನು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಒಯ್ದೆ. ಫ್ರೇಮ್ ಅಂಗಡಿಯ ಮೆಹಬೂಬ್ ಸಾಬ್ ಕಾಗದದ ಅಂಚಿನ ಮೇಲೆ ಬೆರಳಾಡಿಸಿ ತಲೆದೂಗಿದರು. “ಬರೋ ಭಾನುವಾರ ಡ್ರಾಯಿಂಗ್ ಮೇಷ್ಟ್ರು ತ್ರಿವಿಕ್ರಮ ಅವರು ಬರ್ತಾರೆ. ಅವರು ನೋಡ್ಲಿ, ಆಮೇಲೆ ಫ್ರೇಮ್. ಅಲ್ಲೀತಂಕ ಇದಕ್ಕೆ ಏನೂ ಮಾಡ್ಬೇಡಿ ಸ್ವಾಮಿ.”

ನನಗೇ ಉಪದೇಶ! ಮನೆಗೆ ಬಂದು ನೋಡಿದರೆ ಚಿತ್ರದ ಸುತ್ತ ಚೌಕಾಕಾರವಾಗಿ ಕಾಗದ ತಗ್ಗಾಗಿತ್ತು. ಯಾರೋ ಬುದ್ಧಿಗೇಡಿ ಭಾರದ ಹಲಗೆ ಹೇರಿಟ್ಟಿದ್ದಾನೆ ಅಂದುಕೊಂಡೆ. ಗಂಜಿ ಹಾಕಿ ಇಸ್ತ್ರಿ ಮಾಡದ ಪಂಚೆಯನ್ನು ಜನ್ಮದಲ್ಲೇ ಉಡದವನು ನಾನು. ನನ್ನ ಅಜ್ಜ ಹೀಗೆ ಮುದುಡಿಕೊಂಡು ಮೇಷ್ಟರ ಮುಂದೆ ನಿಲ್ಲುವುದೇ?

“ರೀ, ಅದು ಕಾಗದ! ಪಂಚೆ ಅಲ್ಲ!”

“ಸುಮ್ನಿರೇ ಮಾರಾಯ್ತಿ, ಗಂಜಿಯ ವಿಷಯ ನನಗೆ ಹೇಳ್ಕೊಡ್ಬೇಡ!”

ಅಜ್ಜನಿಗೆ ತೆಳ್ಳಗೆ ಗಂಜಿ ಬಳಿದು, ಮೇಲೆ ಪಂಚೆ ಹೊದಿಸಿ, ಕೆಂಡದ ಇಸ್ತ್ರಿ ಪೆಟ್ಟಿಗೆ ಎಳೆದೆ. ಅಜ್ಜ ಪಂಚೆಗೆ ಅಂಟಿಕೊಂಡ. ನೀರು ಚಿಮುಕಿಸಿ ಬಿಡಿಸಿದೆ, ಉಬ್ಬಿಕೊಂಡ. ಮತ್ತೆ ಗಂಜಿ, ಮತ್ತೆ ಇಸ್ತ್ರಿ! ಮೂರನೆಯ ಸುತ್ತಿಗೆ ಅಜ್ಜ ಹಪ್ಪಳದಂತೆ ಗರಿಗರಿಯಾದ. ತಗ್ಗು ಮಂಗಮಾಯ!

ಭಾನುವಾರ ದಾಕ್ಷಾಯಣಿಯನ್ನೂ ಕರೆದುಕೊಂಡು ಎದೆಯುಬ್ಬಿಸಿ ಅಂಗಡಿಗೆ ಹೋದೆ. ತ್ರಿವಿಕ್ರಮ ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಗೆರೆ ಏನೋ ಸೊಗಸಾಗಿದೆ. ಆದ್ರೆ ತಾಮ್ರದ ತಗಡು ಒತ್ತಿದ್ರೆ ಸುತ್ತ ತಗ್ಗು ಬೀಳ್ಬೇಕಲ್ಲ? ಅದೇ ಇಲ್ಲ. ಯಾವುದೋ ಪುಸ್ತಕದಿಂದ ಕಿತ್ತ ಹಾಳೆ ಇದು.”

ಅಯ್ಯೋ ಶಿವನೇ! ತಗ್ಗಿನ ಸಂಗತಿ ನಾನು ಓದದೆ ಬಿಟ್ಟ ಲೈಬ್ರರಿ ಪುಸ್ತಕದ ಉಳಿದರ್ಧದಲ್ಲಿದ್ದಿರಬೇಕು!

“ತಗ್ಗು ಇತ್ತು ಮೇಷ್ಟ್ರೇ! ಹೋದ ವಾರ ಈ ಬೆರಳಿಗೇ ಸಿಕ್ಕಿತ್ತು!” ಮೆಹಬೂಬ್ ಸಾಬ್ ನನ್ನ ಕಡೆ ತಿರುಗಿದರು. “ಸ್ವಾಮಿ, ಮಾಲು ಬದಲಾಯ್ಸಿದೀರಾ?”

ನಕಲಿ ಎಂದು ಒಪ್ಪಿದರೆ ಮಾವನಿಗೆ ಕಾಗದ ಬರೆಯಬೇಕು. ಅಸಲಿ ಎಂದು ಸಾಧಿಸಬೇಕಾದರೆ ಇಸ್ತ್ರಿಯ ಕಥೆ ಬಾಯಿಬಿಡಬೇಕು. ನಾನು ಎರಡಕ್ಕೂ ಬಗ್ಗಲಿಲ್ಲ.

“ತಗ್ಗು ಇಲ್ದಿದ್ರೇನ್ರೀ? ಅಸಲಿ ಅಂದ್ರೆ ಅಸಲಿ! ನಾನು ಹೇಳ್ತಿದೀನಲ್ಲ!”

“ನೀವು ಹೇಳಿದ್ರಾಯ್ತಾ?” ಮೇಷ್ಟ್ರು ಚಿತ್ರವನ್ನು ಬದಿಗೆ ಸರಿಸಿಬಿಟ್ಟರು.

ದಾಕ್ಷಾಯಣಿ ತಡೆಯಲಾರದೆ ಮುಂದೆ ಬಂದಳು. “ಅಜ್ಜಂದೇನೂ ತಪ್ಪಿಲ್ಲ ಮೇಷ್ಟ್ರೇ. ಇದ್ದ ತಗ್ಗನ್ನ ಇವ್ರೇ ಗಂಜಿ ಹಾಕಿ, ಇಸ್ತ್ರಿ ತಿಕ್ಕಿ ತೆಗೆದ್ರು.”

ಮೇಷ್ಟ್ರು ಕಾಗದದ ಮೂಲೆಯನ್ನು ಉಗುರಿನಿಂದ ಕೆರೆದು ಮೂಸಿದರು. ಅನ್ನದ ಗಂಜಿ! ನಕ್ಕು ನಕ್ಕು ಅವರ ಕನ್ನಡಕ ಜಾರಿತು. “ಹಾಗಾದ್ರೆ ಇದು ಅಸಲಿಯೇ ಇದ್ದಿರ್ಬೇಕು ಕಣಮ್ಮ!”

“ನೋಡಿದ್ಯಾ! ನಾನು ಹೇಳ್ಲಿಲ್ವಾ?” ಎಂದು ಗುಡುಗಿದೆ.

“ಹೇಳಿದ್ರಿ,” ಎಂದಳು ದಾಕ್ಷಾಯಣಿ. “ಮುನ್ನೂರು ವರ್ಷ ಎಷ್ಟು ಜನರ ಕೈ ದಾಟಿ, ಸಮುದ್ರ ದಾಟಿ ನೆಟ್ಟಗೆ ಬಂದಿದ್ದ ಅಜ್ಜ, ನಿಮ್ಮ ಕೈಗೆ ಸಿಕ್ಕಿ ಒಂದೇ ವಾರಕ್ಕೆ ಕೆಟ್ಟ. ಸದ್ಯ, ಅಪ್ಪ ಕೊಟ್ಟ ಸೈಕಲ್ಲಾದ್ರೂ ನಿಮ್ಮ ಕೈ ತಪ್ಪಿಸ್ಕೊಂಡು ಬದುಕ್ತು!”