ಮುಂಗಡ ಕಮಿಷನ್ನಿನ ಪಂಚಾಯ್ತಿ

ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರದಲ್ಲಿ ತೆರಿಗೆ ಸಲಹೆಗಾರ. ವಾರಕ್ಕೊಮ್ಮೆ ಸೊರಬದಲ್ಲೂ ಕೂರುತ್ತಿದ್ದೆ. ಬರುತ್ತಿದ್ದವರು ಹೆಚ್ಚಾಗಿ ವಿಮಾ ಏಜೆಂಟರು. ಮುಂದೆ ಮಾಡಿಸಲಿರುವ ಪಾಲಿಸಿಗಳ ಲೆಕ್ಕದಲ್ಲಿ ಅವರಿಗೆ ಒಂದಷ್ಟು ಕಮಿಷನ್ ಮುಂಗಡವಾಗಿ ಸಿಗುತ್ತಿತ್ತು. ಅದಕ್ಕೂ ತೆರಿಗೆ ಎಂದ ಕೂಡಲೇ ನನ್ನ ಕೋಣೆಯಲ್ಲಿ ನಾಟಕ ಶುರು.

೧. ಸ್ಕೂಟರು

ಶಿಕಾರಿಪುರದ ಏಜೆಂಟರೊಬ್ಬರು ಮುಂಗಡ ಬಂದದ್ದೇ ಸ್ಕೂಟರ್ ಕೊಂಡರು. ತೆರಿಗೆ ಬೀಳುತ್ತದೆ ಎಂದೆ.

"ನನ್ನ ಕೈಯಾಗ ಏನೂ ಉಳಿದಿಲ್ರೀ, ಎಲ್ಲಾ ಸ್ಕೂಟರಿಗೆ ಹೋತು."

"ಸ್ಕೂಟರ್ ನಿಮ್ಮದೇ ಅಲ್ವೇನ್ರೀ?"

"ಹೆಸರಿಗಷ್ಟೇ. ಅಡ್ಡಾಡೋದು ನನ್ನ ಹೆಂಡ್ತಿ ತಮ್ಮ. ಟ್ಯಾಕ್ಸ್ ಅವನಿಗೇ ಹಾಕ್ರಿ, ಹಂಗಾದ್ರೂ ಊರಿಗೆ ಹೋಗ್ಲಿ!"

೨. ಚಂದ್ರಗುತ್ತಿ ಖರ್ಚು

ಸೊರಬದ ಇನ್ನೊಬ್ಬರು ತೆರಿಗೆ ಇಳಿಸಲು, ಸಂಸಾರ ಸಮೇತ ಚಂದ್ರಗುತ್ತಿಗೆ ಹೋಗಿಬಂದದ್ದನ್ನೂ ವ್ಯಾಪಾರದ ಖರ್ಚೆಂದು ಬರೆಸಲು ಬಂದರು.

"ದೇವಸ್ಥಾನಕ್ಕೆ ಹೋಗೋದು ವ್ಯಾಪಾರವೇನ್ರೀ?"

"ಪಾಲಿಸಿ ಆಗಲಿ ಅಂತಲೇ ಹರಕೆ ಹೊತ್ತದ್ದು ಸಾರ್."

"ಆಯ್ತಾ?"

"ಆಗದೆ? ಮಂಗಳಾರತಿ ಮುಗಿಯೋದ್ರೊಳಗೆ ಪೂಜಾರಪ್ಪನಿಗೇ ಒಂದು ಮಾಡಿಸಿದೆ!"

೩. ಗೆದ್ದ ಕೇಸು

ಉಳವಿ ಕಡೆಯ ಏಜೆಂಟರೊಬ್ಬರ ಮುಂಗಡಕ್ಕೆ ಮಾತ್ರ ಒಂದು ಷರತ್ತಿತ್ತು: ಪಾಲಿಸಿ ಆಗದಿದ್ದರೆ ವಾಪಸ್ ಕಟ್ಟಬೇಕು. ಹಾಗಾಗಿ ಅದು ಆದಾಯವಲ್ಲ, ಸಾಲ ಎಂದು ವಾದಿಸಲು ಇಬ್ಬರೂ ತೆರಿಗೆ ಅಧಿಕಾರಿಯ ಮುಂದೆ ಹೋದೆವು. ಏಜೆಂಟರ ಮಗಳ ಮದುವೆ ಹತ್ತಿರವಿತ್ತು. ತೆರಿಗೆ ಬಿದ್ದರೆ ಛತ್ರದ ಬಾಡಿಗೆಗೇ ಕುತ್ತು. ಪಾಪ, ಅವರು ಬೆವರುತ್ತಿದ್ದರು. "ನೀವು ಬಾಯಿ ಬಿಡಬೇಡಿ" ಎಂದು ಮೊದಲೇ ಹೇಳಿದ್ದೆ.

ಅಧಿಕಾರಿ ಎಲ್ಲ ಕೇಳಿ, "ಸರಿ, ಪಾಲಿಸಿ ಆಗುವವರೆಗೆ ಇದು ಸಾಲವೇ" ಎಂದು ಒಪ್ಪಿದರು. ನಾನು ಖುಷಿಯಿಂದ ಎದ್ದೆ. ಏಜೆಂಟರು ಏಳಲಿಲ್ಲ.

"ಸಾರ್, ತಮಗೆ ಮಕ್ಕಳೆಷ್ಟು?"

ಕಾಲು ತುಳಿದೆ. ಉಪಯೋಗವಾಗಲಿಲ್ಲ. ಮಕ್ಕಳ ಓದು, ಮದುವೆ, ಮುಪ್ಪಿನ ಕಾಲ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿ, ಅಧಿಕಾರಿಯಿಂದ ದೊಡ್ಡದೊಂದು ಪಾಲಿಸಿಗೆ ಸಹಿ ಹಾಕಿಸಿಯೇಬಿಟ್ಟರು.

ಅಧಿಕಾರಿ ಪೆನ್ನಿನ ಕ್ಯಾಪು ಹಾಕುತ್ತಾ ಕೇಳಿದರು: "ಇದರ ಕಮಿಷನ್ನಿನಲ್ಲಿ ನಿಮ್ಮ ಮುಂಗಡ ತೀರಿತೇನ್ರೀ?"

"ಪೂರ್ತಿ ತೀರಿತು ಸಾರ್!"

"ಹಾಗಾದ್ರೆ ಇನ್ನು ಅದು ಸಾಲ ಅಲ್ಲ, ಆದಾಯ. ತೆರಿಗೆ ಕಟ್ಟಿಬಿಡಿ."

ಮೆಟ್ಟಿಲಿಳಿಯುವಾಗ ಏಜೆಂಟರು ಮೆಲ್ಲಗೆ ನನ್ನ ತೋಳು ಹಿಡಿದುಕೊಂಡರು: "ಮಾರಾಯ್ರೆ, ಸಾಹೇಬರ ಹೆಂಡತಿಗೆ ಹೇಳಿ ಆ ಪಾಲಿಸಿ ಬೇಡ ಅನ್ನಿಸೋಕಾಗುತ್ತಾ?"